ಕೊರೆಯುವ ನೀರಿನಲ್ಲಿ ಬಾಸ್: ಚಳಿಗಾಲದಲ್ಲಿ ಮೀನು ಎಲ್ಲಿರುತ್ತದೆ, ಯಾಕೆ ಕಚ್ಚುತ್ತದೆ

ಅಮೆರಿಕದಲ್ಲಿ ಗಾಳ ಹಾಕುವ ಹವ್ಯಾಸ ಇರುವವರಲ್ಲಿ ಬಹಳ ಜನ ನವೆಂಬರ್ ಕೊನೆಗೆ ದೋಣಿಯನ್ನು ಟಾರ್ಪಾಲಿನ್ ಹೊದಿಸಿ ನಿಲ್ಲಿಸಿಬಿಡುತ್ತಾರೆ. ನೀರು ತಣ್ಣಗಾದರೆ ಬಾಸ್ ಮೀನು ತಳ ಸೇರಿಬಿಡುತ್ತದೆ, ಮಾರ್ಚ್ ತನಕ ಬಾಯಿ ತೆರೆಯುವುದಿಲ್ಲ ಎಂಬುದು ಅವರ ನಂಬಿಕೆ. ಆದರೆ ಟೆಕ್ಸಸ್ ರಾಜ್ಯದ ದಾಖಲೆ ಬೇರೆಯೇ ಹೇಳುತ್ತದೆ. ಅಲ್ಲಿ ಗಾಳಕ್ಕೆ ಸಿಕ್ಕ ಅತಿ ದೊಡ್ಡ ಲಾರ್ಜ್‌ಮೌತ್ ಜಾತಿಯ ಬಾಸ್‌ನ ತೂಕ 18.18 ಪೌಂಡ್, ಅಂದರೆ ಎಂಟು ಕಿಲೋಗೂ ಮೇಲು. ಬ್ಯಾರಿ ಸೇಂಟ್ ಕ್ಲೇರ್ ಎಂಬವರು ಅದನ್ನು ಲೇಕ್ ಫೋರ್ಕ್ ಜಲಾಶಯದಲ್ಲಿ ಹಿಡಿದದ್ದು 1992ರ ಜನವರಿ 24ರಂದು. ಅವರು ಆವತ್ತು ಹೋಗಿದ್ದೇ ಬಾಸ್‌ಗೆ ಅಲ್ಲ. ಕ್ರ್ಯಾಪಿ ಎಂಬ ಅಂಗೈಯಗಲದ ಮೀನಿಗೆಂದು 42 ಅಡಿ ಆಳದ ನೀರಿನಲ್ಲಿ ಜೀವಂತ ಮರಿಮೀನನ್ನು ಇಳಿಬಿಟ್ಟಿದ್ದರು.

ನಟ್ಟನಡು ಚಳಿಗಾಲ, ಆಳದ ನೀರು, ಚಿಕ್ಕ ಎರೆ, ಮೂತಿಯ ಮುಂದೆಯೇ ಹೆಚ್ಚು ಓಡಾಡದೆ ನಿಂತ ಎರೆ. ಈ ನಾಲ್ಕೂ ಯಾಕೆ ಒಟ್ಟಿಗೆ ಬಂದವು ಎಂದು ತಿಳಿದರೆ ಚಳಿಗಾಲದ ಬಾಸ್ ಬೇಟೆಯ ಬಹುಭಾಗ ತಿಳಿದ ಹಾಗೆ.

ನಾನಿರುವುದು ಅರ್ಕನ್ಸಾ ರಾಜ್ಯದ ಬೆಂಟನ್‌ವಿಲ್ ಹತ್ತಿರ. ವಾಲ್‌ಮಾರ್ಟ್‌ನ ಕೇಂದ್ರ ಕಚೇರಿ ಇಲ್ಲಿಯೇ ಇರುವುದರಿಂದ ಕನ್ನಡದ ಮನೆಗಳಿಗೂ ಇಲ್ಲಿ ಬರವಿಲ್ಲ. ಕಾರಿನಲ್ಲಿ ಹೊರಟರೆ ಸ್ವಲ್ಪ ಹೊತ್ತಿಗೆ ಬೀವರ್ ಲೇಕ್ ಸಿಗುತ್ತದೆ. ವೈಟ್ ರಿವರ್ ಎಂಬ ನದಿಗೆ ಕಟ್ಟಿದ ಸಾಲು ಅಣೆಕಟ್ಟುಗಳಲ್ಲಿ ಇದೇ ಮೇಲಿನದು. ಇದರ ಕೆಳಗೆ ಮಿಸೌರಿ ಗಡಿಯಲ್ಲಿ ಟೇಬಲ್ ರಾಕ್, ಆಮೇಲೆ ಟೇನಿಕೋಮೊ, ಮತ್ತೂ ಕೆಳಗೆ ಬುಲ್ ಶೋಲ್ಸ್. ಇವತ್ತು ಅಮೆರಿಕದ ತುಂಬ ನಡೆಯುವ ಬಾಸ್ ಸ್ಪರ್ಧೆಗಳ ಕಥೆಯೂ ಈ ಬೀವರ್ ಲೇಕ್‌ನಿಂದಲೇ ಶುರು: ರೇ ಸ್ಕಾಟ್ ಎಂಬ ವಿಮಾ ಮಾರಾಟಗಾರ 1967ರ ಜೂನ್‌ನಲ್ಲಿ ತನ್ನ ಮೊದಲ ಸ್ಪರ್ಧೆ ನಡೆಸಿದ್ದು ಇಲ್ಲಿ. ಮರುವರ್ಷ ಆತ ಕಟ್ಟಿದ ಬಾಸ್ ಗಾಳಗಾರರ ಸಂಘಟನೆಯೇ ಬಿ.ಎ.ಎಸ್.ಎಸ್. ಈ ಲೇಖನದ ಉದಾಹರಣೆಗಳೆಲ್ಲ ಹೆಚ್ಚಾಗಿ ಈ ಸೀಮೆಯವು, ಅದರಲ್ಲೂ ಟೇಬಲ್ ರಾಕ್‌ನವು. ಚಳಿಗಾಲದ ಪಾಠಕ್ಕೆ ಅಷ್ಟು ತಿಳಿಯಾದ, ಅಷ್ಟು ಆಳವಾದ, ಹೆಪ್ಪುಗಟ್ಟದ ನೀರು ಬೇಕು.

ಬಾಸ್ ಎಂದರೆ ಇಲ್ಲಿ ಮೂರು ಜಾತಿ. ಬಾಯಿಯ ಕೊನೆ ಕಣ್ಣಿನಾಚೆಗೂ ಚಾಚುವ, ಮೈ ಪಕ್ಕದಲ್ಲಿ ಕಪ್ಪು ಪಟ್ಟೆ ಇರುವ ಲಾರ್ಜ್‌ಮೌತ್; ಕಂಚಿನ ಬಣ್ಣದ ಸ್ಮಾಲ್‌ಮೌತ್; ಇವೆರಡರ ನಡುವೆ ಎನ್ನಬಹುದಾದ ಸ್ಪಾಟೆಡ್ ಬಾಸ್. ಟೇಬಲ್ ರಾಕ್‌ನಲ್ಲಿ ಮೂರೂ ಇವೆ. ಚಳಿಯನ್ನು ಹೆಚ್ಚು ತಡೆದುಕೊಂಡು ಓಡಾಡುವುದು ಸ್ಮಾಲ್‌ಮೌತ್ ಮತ್ತು ಸ್ಪಾಟೆಡ್. ಲಾರ್ಜ್‌ಮೌತ್ ಸ್ವಲ್ಪ ಬೇಗ ಮಂಕಾಗುತ್ತದೆ.

ಮೈಯೊಳಗಿನ ಲೆಕ್ಕ

ಬಾಸ್‌ನ ಮೈ ಎಷ್ಟು ಬಿಸಿ ಎಂದರೆ ಸುತ್ತಲಿನ ನೀರು ಎಷ್ಟಿದೆಯೋ ಅಷ್ಟು. ನಮ್ಮ ಹಾಗೆ ಒಳಗಿನಿಂದ ಮೈ ಕಾಯಿಸಿಕೊಳ್ಳುವ ವ್ಯವಸ್ಥೆ ಅದಕ್ಕಿಲ್ಲ. ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಮೈಯ ಒಳಗಿನ ಕೆಲಸಗಳ ವೇಗ ಸುಮಾರಾಗಿ ಅರ್ಧವಾಗುತ್ತದೆ ಎಂಬುದು ಜೀವಶಾಸ್ತ್ರದ ಒರಟು ಅಂದಾಜು. ಆಗಸ್ಟ್‌ನಲ್ಲಿ 27 ಡಿಗ್ರಿ ಇದ್ದ ನೀರು ಜನವರಿಯಲ್ಲಿ 7ಕ್ಕೆ ಇಳಿದಿದೆ ಎಂದುಕೊಳ್ಳಿ. ಎರಡು ಸಲ ಅರ್ಧವಾಗಿ, ಮೀನಿನ ಒಳಯಂತ್ರ ಬೇಸಿಗೆಯ ಕಾಲುಭಾಗದ ವೇಗದಲ್ಲಿ ನಡೆಯುತ್ತಿರುತ್ತದೆ. ಬೇಸಿಗೆಯಲ್ಲಿ ನುಂಗಿದ ಮೀನು ಒಂದು ದಿನದ ಆಸುಪಾಸಿನಲ್ಲಿ ಅರಗಿದರೆ, ಈಗ ದಿನಗಟ್ಟಲೆ ಹೊಟ್ಟೆಯಲ್ಲೇ ಇರುತ್ತದೆ. ಹಸಿವು ಅಪರೂಪ. ಸ್ನಾಯುಗಳೂ ನಿಧಾನ, ಆದ್ದರಿಂದ ಬೆನ್ನಟ್ಟುವ ಶಕ್ತಿಯೂ ಕಡಿಮೆ.

ಹಾಗಿದ್ದರೂ ತಿನ್ನುವುದು ನಿಲ್ಲುವುದಿಲ್ಲ. ಇದಕ್ಕೆ ಕಾರಣ ಹೆಣ್ಣು ಮೀನಿನ ಹೊಟ್ಟೆಯಲ್ಲಿದೆ. ವಸಂತದಲ್ಲಿ ಇಡಬೇಕಾದ ಮೊಟ್ಟೆಗಳು ಶರತ್ಕಾಲದಿಂದಲೇ ಬೆಳೆಯತೊಡಗುತ್ತವೆ, ಚಳಿಗಾಲ ಪೂರ್ತಿ ಬೆಳೆಯುತ್ತಲೇ ಇರುತ್ತವೆ. ಆ ಬೆಳವಣಿಗೆಗೆ ಆಹಾರ ಬೇಕು. ಅದಕ್ಕೇ ಜನವರಿಯಿಂದ ಮಾರ್ಚ್ ತನಕ ಸಿಗುವ ಹೆಣ್ಣು ಬಾಸ್‌ಗಳು ವರ್ಷದಲ್ಲೇ ಹೆಚ್ಚು ತೂಗುತ್ತವೆ. ಟೆಕ್ಸಸ್‌ನ ವನ್ಯಜೀವಿ ಇಲಾಖೆ 13 ಪೌಂಡ್ ಮೀರಿದ ಬಾಸ್‌ಗಳನ್ನು ಜನರಿಂದ ಎರವಲು ಪಡೆದು ಮರಿ ಮಾಡಿಸುವ ‘ಶೇರ್‌ಲಂಕರ್’ ಯೋಜನೆಯನ್ನು 1986ರಿಂದ ನಡೆಸುತ್ತಿದೆ. ಮರಿ ಮಾಡಿಸಲು ಮೀನು ತೆಗೆದುಕೊಳ್ಳುವ ಅವಧಿ ಜನವರಿ 1ರಿಂದ ಮಾರ್ಚ್ 31.

ಇಡೀ ಚಳಿಗಾಲ ಬಾಸ್ ಬದುಕುವುದು ತಿಂಗಳ ಕೊನೆಯ ವಾರದಲ್ಲಿ ಸಂಸಾರ ತೂಗಿಸುವವರ ಹಾಗೆ. ಊಟ ಬಿಡುವುದಿಲ್ಲ, ಆದರೆ ಆಟೋ ಹತ್ತುವ ಮುಂಚೆ ಎರಡು ಸಲ ಯೋಚಿಸುತ್ತಾರಲ್ಲ, ಹಾಗೆ ಪ್ರತಿ ಚಲನೆಗೂ ಅದು ಖರ್ಚು ನೋಡುತ್ತದೆ. ನಾಲ್ಕು ಅಡಿ ದೂರದಲ್ಲಿ ಬೇಗ ಓಡುವ ಮೀನು ಅದಕ್ಕೆ ನಷ್ಟದ ವ್ಯಾಪಾರ. ಮೂತಿಯಿಂದ ಒಂದಡಿಯಲ್ಲಿ ನಡುಗುತ್ತ ನಿಂತ ಮೀನು ಲಾಭ. ಮೀನು ನಿಲ್ಲುವ ಜಾಗ, ಕಚ್ಚುವ ಹೊತ್ತು, ನಾವು ಹಾಕಬೇಕಾದ ಎರೆ ಎಲ್ಲವೂ ಈ ಲೆಕ್ಕದಿಂದಲೇ ಹೊರಡುತ್ತವೆ.

ನೀರು ಮಗುಚಿಕೊಳ್ಳುವ ಕಾಲ

ಮೀನು ಯಾಕೆ ಆಳಕ್ಕೆ ಹೋಗುತ್ತದೆ ಎಂದು ಕೇಳಿದರೆ ‘ಅಲ್ಲಿ ಬೆಚ್ಚಗಿರುತ್ತದೆ’ ಎಂಬ ಉತ್ತರ ಸಿದ್ಧವಾಗಿ ಬರುತ್ತದೆ. ಇದು ಅರ್ಧ ಮಾತ್ರ ನಿಜ. ಪೂರ್ತಿ ತಿಳಿಯಬೇಕಾದರೆ ನೀರಿನ ಒಂದು ವಿಚಿತ್ರ ಗುಣದಿಂದ ಹೊರಡಬೇಕು.

ತಣ್ಣಗಾದಷ್ಟೂ ನೀರು ಭಾರವಾಗುತ್ತ ಹೋಗುತ್ತದೆ, 4 ಡಿಗ್ರಿ ಸೆಲ್ಸಿಯಸ್ ತನಕ ಮಾತ್ರ. ಅದಕ್ಕಿಂತ ಕೆಳಗೆ ಇಳಿದರೆ ಮತ್ತೆ ಹಗುರವಾಗುತ್ತದೆ. ಹೆಪ್ಪುಗಟ್ಟಿದರಂತೂ ಇನ್ನೂ ಹಗುರ, ಮಂಜುಗಡ್ಡೆ ತೇಲುವುದು ಅದಕ್ಕೇ. ಬೇಸಿಗೆಯಲ್ಲಿ ಜಲಾಶಯದ ಮೇಲಿನ ನೀರು ಬಿಸಿಯಾಗಿ ಹಗುರಾಗಿ ಮೇಲೇ ಉಳಿಯುತ್ತದೆ. ತಣ್ಣನೆಯ ಭಾರದ ನೀರು ತಳದಲ್ಲಿ ಕೂತುಬಿಡುತ್ತದೆ. ನಡುವೆ ಕೆಲವೇ ಅಡಿಗಳಲ್ಲಿ ಉಷ್ಣಾಂಶ ಧಡಕ್ಕನೆ ಇಳಿಯುವ ಪದರವೊಂದು ಇರುತ್ತದೆ. ಅದೇ ಥರ್ಮೋಕ್ಲೈನ್. ಅದರ ಕೆಳಗಿನ ನೀರಿಗೆ ತಿಂಗಳುಗಟ್ಟಲೆ ಗಾಳಿಯ ಸೋಂಕಿರುವುದಿಲ್ಲ. ತಳದಲ್ಲಿ ಕೊಳೆಯುವ ಎಲೆ, ಕಸ ಅಲ್ಲಿದ್ದ ಆಮ್ಲಜನಕವನ್ನೆಲ್ಲ ತಿಂದುಹಾಕುತ್ತವೆ. ಅಂದರೆ ಬೇಸಿಗೆಯಲ್ಲಿ ಮೀನಿಗೆ ಆಳ ಎಂಬುದು ಮುಚ್ಚಿದ ಬಾಗಿಲು.

ಅಕ್ಟೋಬರ್, ನವೆಂಬರ್‌ನ ತಂಪು ರಾತ್ರಿಗಳಲ್ಲಿ ಮೇಲಿನ ನೀರು ತಣ್ಣಗಾಗಿ ಭಾರವಾಗಿ ಮುಳುಗತೊಡಗುತ್ತದೆ. ಕೆಳಗಿನದು ಮೇಲೆ ಬರುತ್ತದೆ. ಗಾಳಿ ಬೀಸಿದಂತೆ ಕಲಕಾಟ ಜೋರಾಗಿ ಒಂದು ದಿನ ಪದರವೇ ಮುರಿದುಬೀಳುತ್ತದೆ. ಇಲ್ಲಿನವರು ಇದಕ್ಕೆ ಟರ್ನ್‌ಓವರ್ ಎನ್ನುತ್ತಾರೆ. ಟೇಬಲ್ ರಾಕ್‌ನಂಥ ಆಳದ ಜಲಾಶಯದಲ್ಲಿ ಇದು ಪೂರ್ತಿಯಾಗಲು ಡಿಸೆಂಬರ್ ಹಿಡಿಯುವುದುಂಟು. ಅದಾದ ಮೇಲೆ ಮೇಲಿನಿಂದ ತಳದವರೆಗೆ ಹೆಚ್ಚುಕಡಿಮೆ ಒಂದೇ ಬಿಸಿ, ಎಲ್ಲ ಕಡೆ ಆಮ್ಲಜನಕ. ತಣ್ಣೀರು ಹೆಚ್ಚು ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ ಕೂಡ: 25 ಡಿಗ್ರಿಯಲ್ಲಿ ಲೀಟರಿಗೆ 8 ಮಿಲಿಗ್ರಾಂ ಚಿಲ್ಲರೆ ಕರಗಿದರೆ, 5 ಡಿಗ್ರಿಯಲ್ಲಿ 12ಕ್ಕೂ ಮೇಲು.

ಆಳಕ್ಕೆ ಹೋಗಲು ಮೊದಲ ಕಾರಣ ಇದು: ಬಾಗಿಲು ತೆರೆದಿದೆ. ಎರಡನೆಯದು, ಆಳದಲ್ಲಿ ಏರುಪೇರಿಲ್ಲ. ರಾತ್ರಿಯ ಗಾಳಿಗೆ ಮೇಲಿನ ನಾಲ್ಕಡಿ ನೀರು ಒಂದೆರಡು ಡಿಗ್ರಿ ಇಳಿಯಬಹುದು, ಮಧ್ಯಾಹ್ನ ಮತ್ತೆ ಏರಬಹುದು. ಮೂವತ್ತು ಅಡಿ ಕೆಳಗೆ ಅದರ ಸುದ್ದಿಯೇ ಇರುವುದಿಲ್ಲ. ತಳ ನಿಜವಾಗಿ ಬೆಚ್ಚಗಿರುವುದು ಮಿನ್ನೆಸೋಟದಂಥ ಉತ್ತರದ ರಾಜ್ಯಗಳ ಹೆಪ್ಪುಗಟ್ಟಿದ ಕೆರೆಗಳಲ್ಲಿ. ಅಲ್ಲಿ ಮಂಜುಗಡ್ಡೆಯ ಕೆಳಗೆ ಸೊನ್ನೆ ಡಿಗ್ರಿ, ತಳದಲ್ಲಿ ಸುಮಾರು 4. ಆ ಕೆರೆಗಳ ಬಗ್ಗೆ ಹೇಳಿದ್ದನ್ನು ದಕ್ಷಿಣದ ಜಲಾಶಯಗಳಿಗೆ ಹಾಗೇ ಅಂಟಿಸುವುದರಿಂದಲೇ ಹೊಸಬರು ಜನವರಿಯ ಬೆಚ್ಚನೆಯ ಮಧ್ಯಾಹ್ನ ಆರಡಿ ನೀರಿಗೆ ಬಂದು ನಿಂತ ಬಾಸ್‌ಗಳನ್ನು ಬಿಟ್ಟು ನಲವತ್ತಡಿಯಲ್ಲಿ ಹುಡುಕುತ್ತಿರುತ್ತಾರೆ.

ಮೂರನೆಯ ಕಾರಣವೇ ಎಲ್ಲಕ್ಕಿಂತ ದೊಡ್ಡದು. ಅದು ಶ್ಯಾಡ್.

ಸಾಯುವ ಶ್ಯಾಡ್

ಶ್ಯಾಡ್ ಎಂದರೆ ಬೆಳ್ಳಿ ಬಣ್ಣದ, ಗುಂಪುಗುಂಪಾಗಿ ತಿರುಗುವ ಚಿಕ್ಕ ಮೀನು. ಗಿಜರ್ಡ್ ಶ್ಯಾಡ್ ಸ್ವಲ್ಪ ದೊಡ್ಡದಾಗಿ ಬೆಳೆಯುತ್ತದೆ, ಚಳಿ ತಡೆಯುತ್ತದೆ. ಥ್ರೆಡ್‌ಫಿನ್ ಶ್ಯಾಡ್ ಬೆರಳುದ್ದದ್ದು, ಮೂಲತಃ ದಕ್ಷಿಣದ ಬೆಚ್ಚಗಿನ ನೀರಿನದು. ಬಾಸ್‌ಗೆ ಆಹಾರವಾಗಲಿ ಎಂದು ಅದನ್ನು ಅನೇಕ ಜಲಾಶಯಗಳಿಗೆ ತಂದುಬಿಟ್ಟರು. ಈ ಸೀಮೆಯ ಚಳಿ ಅದಕ್ಕೆ ಒಗ್ಗದು. ನೀರು 7 ಡಿಗ್ರಿ ಸೆಲ್ಸಿಯಸ್ ಹತ್ತಿರ, ಅಂದರೆ ಅಮೆರಿಕದವರ ಲೆಕ್ಕದಲ್ಲಿ 45 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ಬಂದಾಗ ಅದು ತತ್ತರಿಸುತ್ತದೆ. 5ರ ಆಸುಪಾಸಿನಲ್ಲಿ ಗುಂಪುಗುಂಪಾಗಿ ಸಾಯುತ್ತದೆ.

ಸಾಯುವ ಶ್ಯಾಡ್ ಹೇಗಿರುತ್ತದೆ ಎಂದು ದೋಣಿಯ ಅಂಚಿನಿಂದ ಬಗ್ಗಿ ನೋಡಬೇಕು. ಮೊದಲು ಸಮತೋಲ ತಪ್ಪಿ ಪಕ್ಕಕ್ಕೆ ವಾಲುತ್ತದೆ. ಬಾಲ ಎರಡು ಸಲ ಪಟಪಟ ಬಡಿದು ಒಂದು ಗೇಣು ಮುಂದೆ ಹೋಗುತ್ತದೆ. ಆಮೇಲೆ ನಿಲ್ಲುತ್ತದೆ. ಮುಳುಗುವುದೂ ಇಲ್ಲ, ತೇಲುವುದೂ ಇಲ್ಲ; ಹೊಟ್ಟೆಯ ಬೆಳ್ಳಿ ಒಂದು ಸಲ ಮಿಂಚಿ ಹಾಗೇ ತೂಗುತ್ತಿರುತ್ತದೆ. ಹತ್ತು, ಹದಿನೈದು ಸೆಕೆಂಡ್ ಕಳೆದ ಮೇಲೆ ಮತ್ತೆ ಎರಡು ಬಡಿತ. ಖರ್ಚಿಲ್ಲದೆ ಸಿಗುವ ಊಟಕ್ಕೆ ಕಾದಿರುವ ಬಾಸ್‌ಗೆ ಇದಕ್ಕಿಂತ ಒಳ್ಳೆಯ ಆಹ್ವಾನವಿಲ್ಲ. ಚಳಿಗಾಲದ ಅತಿ ಯಶಸ್ವಿ ಕೃತಕ ಎರೆಯಾದ ಜರ್ಕ್‌ಬೇಟ್ ಮಾಡುವುದು ಇದರ ಅನುಕರಣೆಯನ್ನೇ.

ಶ್ಯಾಡ್ ಗುಂಪು ಎಲ್ಲಿದೆ ಎಂದು ಹಕ್ಕಿಗಳು ಹೇಳುತ್ತವೆ. ಚಳಿಗಾಲಕ್ಕೆ ಉತ್ತರದಿಂದ ಬರುವ ಲೂನ್‌ಗಳು ಒಂದೇ ಜಾಗದಲ್ಲಿ ಮುಳುಗಿ ಏಳುತ್ತಿದ್ದರೆ, ಗಲ್ ಹಕ್ಕಿಗಳು ನೀರಿನ ಮೇಲಿಂದ ಏನನ್ನೋ ಹೆಕ್ಕುತ್ತಿದ್ದರೆ ದೋಣಿಯನ್ನು ಆ ಕಡೆ ತಿರುಗಿಸುವುದು ಜಾಣತನ.

ಎಲ್ಲಿ ಹುಡುಕಬೇಕು

ಚಳಿಗಾಲದ ಬಾಸ್ ಚದುರಿ ಇರುವುದಿಲ್ಲ. ಒಂದೇ ಕಡೆ ಗುಂಪಾಗಿ ನಿಲ್ಲುತ್ತದೆ. ಹಾಗಾಗಿ ಜಲಾಶಯದ ಬಹುಭಾಗ ಬರಿದು, ಕೆಲವೇ ಜಾಗಗಳಲ್ಲಿ ತುಂಬು ಸಂತೆ. ಒಂದು ಸಿಕ್ಕಿತೆಂದರೆ ಅಲ್ಲಿಂದ ಕದಲಬಾರದು.

ಆ ಜಾಗ ಕಡಿದಾಗಿರಬೇಕು. ಬಂಡೆಗೋಡೆಯ ಪಕ್ಕದಲ್ಲಿರುವ ಮೀನು ಮೂವತ್ತು ಅಡಿ ಆಳದಿಂದ ಹತ್ತಡಿಗೆ ಏರಬೇಕಾದರೆ ಇಪ್ಪತ್ತಡಿ ಈಜಿದರೆ ಸಾಕು. ಸಪಾಟು ದಡದಲ್ಲಿ ಅಷ್ಟೇ ಆಳ ಬದಲಿಸಲು ಇನ್ನೂರು ಅಡಿ ಹೋಗಬೇಕಾದೀತು. ಖರ್ಚಿನ ಲೆಕ್ಕ ನೋಡುವ ಮೀನು ಯಾವುದನ್ನು ಆರಿಸುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಅಣೆಕಟ್ಟು ಕಟ್ಟುವ ಮುಂಚೆ ಹರಿಯುತ್ತಿದ್ದ ಹಳೆಯ ನದಿಯ ಪಾತ್ರ ಈಗಿನ ದಡಕ್ಕೆ ಬಂದು ತಾಗುವ ತಿರುವುಗಳು, ನೀರಿನೊಳಗೆ ಚಾಚಿದ ಕಲ್ಲುಮೂಲೆಗಳು, ಉಪನದಿ ಬಂದು ಸೇರುವ ಬಾಯಿ ಈ ಬಗೆಯ ಜಾಗಗಳು. ಆಳ ತೋರಿಸುವ ನಕ್ಷೆಯಲ್ಲಿ ಗೆರೆಗಳು ಒತ್ತೊತ್ತಾಗಿ ದಡದ ಹತ್ತಿರ ಸೇರಿರುವ ಕಡೆ ಬೆರಳಿಡಿ.

ಟೇಬಲ್ ರಾಕ್‌ಗೆ ಇನ್ನೊಂದು ವಿಶೇಷವಿದೆ. ಅಮೆರಿಕದ ಸೇನೆಯ ಎಂಜಿನಿಯರ್‌ಗಳ ಕೋರ್ 1954ರಿಂದ 1958ರ ತನಕ ಈ ಅಣೆಕಟ್ಟು ಕಟ್ಟಿದಾಗ ಕಣಿವೆಯ ಮರಗಳನ್ನು ಎಲ್ಲ ಕಡೆ ಕಡಿಯಲಿಲ್ಲ. ಆ ಮರಗಳು ಇಂದಿಗೂ ನೀರೊಳಗೆ ನಿಂತಿವೆ. ಚಳಿಗಾಲದಲ್ಲಿ ನೂರಡಿ ಆಳದ ನೀರಿನ ಮೇಲೆ, ಮೂವತ್ತು ಮೂವತ್ತೈದು ಅಡಿಯಲ್ಲಿ ಮರದ ತುದಿಗಳ ಸುತ್ತ ಬಾಸ್ ತೂಗಾಡುತ್ತಿರುತ್ತದೆ. ತಳವನ್ನೇ ನೆಚ್ಚಿಕೊಂಡವರಿಗೆ ಇವು ಸಿಗುವುದೇ ಇಲ್ಲ. ನೀರೊಳಗೆ ಏನಿದೆ ಎಂದು ಶಬ್ದದ ಅಲೆಗಳಿಂದ ತೋರಿಸುವ ಸೋನಾರ್ ಪರದೆ ಬೇಕಾಗುವುದು ಇಲ್ಲಿ. 2018ರಲ್ಲಿ ಗಾರ್ಮಿನ್ ಕಂಪನಿ ತಂದ ಲೈವ್‌ಸ್ಕೋಪ್ ಥರದ ಉಪಕರಣಗಳಲ್ಲಿ ದೋಣಿಯ ಮುಂದಿರುವ ಮೀನು ಚಲಿಸುವುದು ಆ ಕ್ಷಣಕ್ಕೇ ಕಾಣುತ್ತದೆ. ಇದು ಬೇಟೆಯನ್ನು ತೀರ ಸುಲಭ ಮಾಡಿತು ಎಂಬ ವಾದ ಸ್ಪರ್ಧೆಗಳ ವಲಯದಲ್ಲಿ ಜೋರಾಗಿದೆ. ನನ್ನ ಅನಿಸಿಕೆ: ನಕ್ಷೆ ಓದಲು ಕಲಿತ ಮೇಲೆ ಅದನ್ನು ಕೊಂಡರೆ ಅದು ಕಲಿಸುತ್ತದೆ, ಮೊದಲೇ ಕೊಂಡರೆ ಕಣ್ಣು ಪರದೆಗೆ ಅಂಟಿಕೊಂಡು ಕೆರೆ ಅರ್ಥವಾಗದೇ ಉಳಿಯುತ್ತದೆ.

ಇನ್ನು ಬಿಸಿಲು. ಡಿಸೆಂಬರ್ ಕೊನೆಯ ವಾರ ಬೆಂಗಳೂರಿನಲ್ಲಿ ನಡುಮಧ್ಯಾಹ್ನದ ಸೂರ್ಯ ದಿಗಂತದಿಂದ ಸುಮಾರು 54 ಡಿಗ್ರಿ ಮೇಲಿರುತ್ತಾನೆ. ಟೇಬಲ್ ರಾಕ್‌ನಲ್ಲಿ 30 ಡಿಗ್ರಿಯಷ್ಟೇ. ದಕ್ಷಿಣದಿಂದ ಓರೆಯಾಗಿ ಬರುವ ಆ ಬಿಸಿಲು ನೇರವಾಗಿ ಬಡಿಯುವುದು ಜಲಾಶಯದ ಉತ್ತರ ದಡಕ್ಕೆ. ದಕ್ಷಿಣದ ದಡ ಗುಡ್ಡದ ನೆರಳಿನಲ್ಲೇ ದಿನ ಕಳೆಯುತ್ತದೆ. ಉತ್ತರದ ಗಾಳಿಯ ಮರೆಯೂ ಆ ಉತ್ತರ ದಡಕ್ಕೇ. ಅಲ್ಲಿ ಕಪ್ಪು ಬಂಡೆಯೋ ಸೇತುವೆಯ ಬುಡಕ್ಕೆ ಸುರಿದ ದಪ್ಪ ಕಲ್ಲುಗಳೋ ಇದ್ದರೆ ಬಿಸಿಲನ್ನು ಹೀರಿ ಪಕ್ಕದ ನೀರನ್ನು ಒಂದು ಡಿಗ್ರಿ ಏರಿಸುತ್ತವೆ. 6ರಿಂದ 7ಕ್ಕೆ ಏರುವುದು ನಮಗೆ ಗೊತ್ತೂ ಆಗದು, ಮೀನಿಗೆ ಅದು ದೊಡ್ಡ ಬದಲಾವಣೆ. ಮುಂಜಾನೆ ಐದಕ್ಕೆ ಎದ್ದು ಹೋಗುವುದು ಬೇಸಿಗೆಯ ಅಭ್ಯಾಸ. ಚಳಿಗಾಲದಲ್ಲಿ ಹನ್ನೊಂದರಿಂದ ನಾಲ್ಕರ ತನಕದ ಹೊತ್ತು ಸಾಕು.

ಹವೆ ಎಷ್ಟು ತಂಪು ಎಂಬುದಕ್ಕಿಂತ ಎಷ್ಟು ದಿನದಿಂದ ಹಾಗೇ ಇದೆ ಎಂಬುದು ಮುಖ್ಯ. ಮೂರು ದಿನ ಒಂದೇ ಥರ ಚಳಿ ಇದ್ದರೆ ಮೀನು ಹೊಂದಿಕೊಂಡಿರುತ್ತದೆ. ಹಿಂದಿನ ರಾತ್ರಿ ಶೀತಮಾರುತ ಬಂದುಹೋಗಿ ಆಕಾಶ ಕನ್ನಡಿಯ ಹಾಗೆ ತೊಳೆದಿದ್ದರೆ ಮೊದಲ ದಿನ ಕಷ್ಟ. ಮೋಡವಿಲ್ಲದ ರಾತ್ರಿ ನೀರಿನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟಿರುತ್ತದೆ. ಎರಡು ಮೂರು ಮೋಡದ ರಾತ್ರಿಗಳ ನಂತರದ ಗಾಳಿಯಾಡುವ ಮಧ್ಯಾಹ್ನ ರಜೆ ಹಾಕಿಯಾದರೂ ಹೋಗಬೇಕಾದ ದಿನ.

ಇಷ್ಟೆಲ್ಲ ಚಳಿಯ ಗೋಜು ಬೇಡವೆನ್ನುವವರಿಗೆ ಒಂದು ಒಳದಾರಿ ಇದೆ. ನಮ್ಮ ಪಕ್ಕದ ಜೆಂಟ್ರಿ ಊರಿನ ಸ್ವೆಪ್ಕೊ ಕೆರೆ ಫ್ಲಿಂಟ್ ಕ್ರೀಕ್ ವಿದ್ಯುತ್ ಸ್ಥಾವರದ ಯಂತ್ರಗಳನ್ನು ತಂಪಾಗಿಸಲು ಕಟ್ಟಿದ್ದು. ಯಂತ್ರ ತಂಪಾಗಿಸಿ ಹೊರಬರುವ ಬಿಸಿನೀರಿನಿಂದ ಆ ಕೆರೆ ಜನವರಿಯಲ್ಲೂ ಬೆಚ್ಚಗಿರುತ್ತದೆ, ಅಲ್ಲಿನ ಬಾಸ್ ಬೇರೆ ಕಡೆಗಿಂತ ಬೇಗ ಮೊಟ್ಟೆಯಿಡುತ್ತದೆ. ವರ್ಜೀನಿಯಾದಲ್ಲಿರುವವರಿಗೆ ನಾರ್ತ್ ಅನ್ನಾ ಪರಮಾಣು ಸ್ಥಾವರದ ಲೇಕ್ ಅನ್ನಾ ಹೀಗೆಯೇ.

ಎರೆ: ನಿಧಾನವಾಗಿ, ಇನ್ನೂ ನಿಧಾನವಾಗಿ

ಜರ್ಕ್‌ಬೇಟ್ ನಾಲ್ಕೈದು ಇಂಚಿನ, ಸಪೂರ ಪ್ಲಾಸ್ಟಿಕ್ ಮೀನು. ಮೂತಿಗೆ ಚಿಕ್ಕ ನಾಲಿಗೆ, ಹೊಟ್ಟೆಯಡಿ ಎರಡೋ ಮೂರೋ ಮುಮ್ಮೊನೆ ಗಾಳ. ಕೋಲನ್ನು ಎರಡು ಸಲ ಚುಟುಕಾಗಿ ಎಳೆದು ದಾರ ಸಡಿಲಬಿಡಬೇಕು. ಎರೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಚಿಮ್ಮಿ ನಿಲ್ಲುತ್ತದೆ. ಆಮೇಲೆ ಏನೂ ಮಾಡಬಾರದು. ನೀರು 10 ಡಿಗ್ರಿ ಇದ್ದರೆ ಐದು ಸೆಕೆಂಡ್ ಸಾಕು. 7ಕ್ಕೆ ಇಳಿದರೆ ಹತ್ತರಿಂದ ಇಪ್ಪತ್ತು. ಅದಕ್ಕೂ ಕೆಳಗೆ ಹೋದರೆ ಅರ್ಧ ನಿಮಿಷ ಕಾಯುವವರೂ ಇದ್ದಾರೆ. ಹತ್ತಕ್ಕೆ ಒಂಬತ್ತು ಸಲ ಮೀನು ಕಚ್ಚುವುದು ಎರೆ ಅಲುಗದೆ ನಿಂತಾಗ. ಕೈಗೆ ಹೊಡೆತ ತಿಳಿಯುವುದಿಲ್ಲ. ದಾರ ಒಂದಿಷ್ಟು ಪಕ್ಕಕ್ಕೆ ಸರಿಯುತ್ತದೆ, ಇಲ್ಲವೇ ಮತ್ತೆ ಎಳೆಯುವಾಗ ಒದ್ದೆ ಬಟ್ಟೆ ಸಿಕ್ಕಿದಂಥ ಭಾರ. ಆಗ ಕೋಲನ್ನು ಪಕ್ಕಕ್ಕೆ ಬೀಸಿ ಎಳೆಯಬೇಕು.

ಎರೆ ನಿಜವಾಗಿ ಅಲುಗದೆ ನಿಲ್ಲುತ್ತದೆಯೇ ಎಂಬುದೇ ಪ್ರಶ್ನೆ. ‘ಸಸ್ಪೆಂಡಿಂಗ್’ ಎಂದು ಡಬ್ಬಿಯ ಮೇಲೆ ಬರೆದಿರುವುದನ್ನು ನಂಬಬೇಡಿ. 20 ಡಿಗ್ರಿಯ ನೀರಿಗಿಂತ 5 ಡಿಗ್ರಿಯ ನೀರು ಸುಮಾರು ಶೇಕಡ 0.18ರಷ್ಟು ಭಾರ. ಕೇಳಲು ಏನೂ ಅಲ್ಲ, ಆದರೆ ಮನೆಯ ಬಕೆಟ್‌ನ ನೀರಿನಲ್ಲಿ ಸರಿಯಾಗಿ ನಿಂತ ಎರೆ ಜನವರಿಯ ನೀರಿನಲ್ಲಿ ಮೆಲ್ಲಗೆ ಮೇಲೇರಲು ಇಷ್ಟು ಸಾಕು. ಮೇಲೇರುವ ಎರೆಯನ್ನು ಬೆನ್ನಟ್ಟುವ ಮನಸ್ಸು ಚಳಿಗಾಲದ ಮೀನಿಗಿಲ್ಲ. ಅದಕ್ಕೇ ಓಜಾರ್ಕ್ ಎಂಬ ನಮ್ಮ ಈ ಗುಡ್ಡಸೀಮೆಯ ಹಳಬರು ಸ್ಮಿತ್‌ವಿಕ್ ರೋಗ್ ಎಂಬ ಎರೆಗೆ ತೂತು ಕೊರೆದು ಸೀಸ ತುಂಬುತ್ತಿದ್ದರು, ಗಾಳದ ಕಾಂಡಕ್ಕೆ ಸೀಸದ ತಂತಿ ಸುತ್ತುತ್ತಿದ್ದರು. ಈಗ ಅಂಟಿಸುವ ಸೀಸದ ಚುಕ್ಕೆಗಳೇ ಸಿಗುತ್ತವೆ. ದೋಣಿ ನಿಂತ ನೀರಿನಲ್ಲೇ ಎರೆಯನ್ನು ಬಿಟ್ಟು ನೋಡಿ. ಮೂತಿ ಸ್ವಲ್ಪ ಕೆಳಗೆ ಮಾಡಿ ನಿಂತರೆ ಸರಿ. ಕಾಲು ಗಂಟೆ ಹಿಡಿಯುವ ಈ ಕೆಲಸವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನನಗಂತೂ ಬಣ್ಣ, ಬ್ರ್ಯಾಂಡ್ ಎಲ್ಲಕ್ಕಿಂತ ಇದೇ ಮುಖ್ಯ.

ತಳದಲ್ಲಿರುವ ಮೀನಿಗೆ ಜಿಗ್: ಅರ್ಧ ಔನ್ಸ್ ಸೀಸದ ತಲೆ, ಅದರ ಹಿಂದೆ ಕ್ರಾಫಿಶ್ ಆಕಾರದ ರಬ್ಬರ್. ಕ್ರಾಫಿಶ್ ಎಂದರೆ ಕಲ್ಲಿನ ಸಂದಿಯಲ್ಲಿ ಇರುವ, ಸೀಗಡಿಯ ನೆಂಟನಂಥ ಸಿಹಿನೀರಿನ ಜೀವಿ. ಈ ಜಿಗ್ಗನ್ನು ಕಲ್ಲಿನ ಮೇಲೆ ತೆವಳಿಸಬೇಕು, ಹಾರಿಸಬಾರದು. ಮರದ ತುದಿಯಲ್ಲಿ ತೂಗುವ ಗುಂಪು ಪರದೆಯಲ್ಲಿ ಕಂಡರೆ ಸ್ಪೂನ್ ಎಂಬ ಲೋಹದ ಎರೆ, ಮುಕ್ಕಾಲು ಔನ್ಸಿನ ಬಿಳಿಯದನ್ನು, ನೇರ ಕೆಳಗಿಳಿಸಿ ಒಂದಡಿ ಎತ್ತಿ ಬೀಳಿಸುವುದು. ಬೀಳುವಾಗ ಕಚ್ಚುತ್ತದೆ.

ಅಲಬಾಮಾ ರಿಗ್ ಕೂಡ ಈ ಕಾಲದ್ದೇ ಆಯುಧ. ಕೊಡೆಯ ಕಡ್ಡಿಗಳಂತೆ ಹರಡಿದ ಐದು ತಂತಿಗಳ ತುದಿಗೆ ಐದು ರಬ್ಬರ್ ಮೀನು, ಅಂದರೆ ಪುಟ್ಟ ಶ್ಯಾಡ್ ಗುಂಪು. 2011ರ ಅಕ್ಟೋಬರ್‌ನಲ್ಲಿ ಪಾಲ್ ಎಲಿಯಸ್ ಇದನ್ನು ಬಳಸಿ ಅಲಬಾಮಾದ ಗಂಟರ್ಸ್‌ವಿಲ್ ಜಲಾಶಯದ ದೊಡ್ಡ ಸ್ಪರ್ಧೆ ಗೆದ್ದ ಮೇಲೆ ದೇಶವಿಡೀ ಹಬ್ಬಿತು. ಎಷ್ಟು ಗಾಳ ಇರಬಹುದು ಎಂಬುದಕ್ಕೆ ಕೆಲವು ರಾಜ್ಯಗಳಲ್ಲಿ ಮಿತಿ ಇದೆ, ಕೊಳ್ಳುವ ಮುಂಚೆ ನಿಯಮ ನೋಡಿಕೊಳ್ಳಿ.

ಫೆಬ್ರವರಿ ಕೊನೆಗೆ ನೀರು 9, 10 ಡಿಗ್ರಿ ಮುಟ್ಟಿದಾಗ ಕ್ರಾಫಿಶ್‌ಗಳು ಹೊರಬರುತ್ತವೆ. ಆಗ ಈ ಸೀಮೆಯಲ್ಲಿ ಎಲ್ಲರ ಕೈಯಲ್ಲೂ ವಿಗಲ್ ವಾರ್ಟ್ ಎಂಬ, ಅಗಲವಾಗಿ ತೂಗಾಡುತ್ತ ಈಜುವ ಗುಂಡನೆಯ ಎರೆ. ಅದನ್ನು ಮಾಡುತ್ತಿದ್ದ ಸ್ಟಾರ್ಮ್ ಕಂಪನಿಯನ್ನು ರಪಾಲಾ 1999ರಲ್ಲಿ ಕೊಂಡಿತು. ಅದಕ್ಕೂ ಮುಂಚಿನ ಅಚ್ಚಿನವು ಬೇರೆಯೇ ರೀತಿ ಓಡುತ್ತವೆ ಎಂದು ಹಳಬರು ನಂಬುತ್ತಾರೆ, ಹಳೆಯದಕ್ಕೆ ಹೊಸದರ ಹಲವು ಪಟ್ಟು ಬೆಲೆ ತೆರುತ್ತಾರೆ.

ದಾರಕ್ಕೆ 8ರಿಂದ 10 ಪೌಂಡ್ ತಡೆಯುವ ಫ್ಲೂರೋಕಾರ್ಬನ್ ಸಾಕು. ಚಳಿಗಾಲದ ನೀರು ತಿಳಿ, ದಪ್ಪ ದಾರ ಕಾಣುತ್ತದೆ.

ನೀರಿಗೆ ಬಿದ್ದರೆ

ಇಷ್ಟು ಹೊತ್ತು ಮೀನಿನ ಮೈಯ ಮಾತಾಯಿತು. ನಮ್ಮ ಮೈಯ ಮಾತು ಅದಕ್ಕಿಂತ ಮುಖ್ಯ, ಅದರಲ್ಲೂ ಬೆಚ್ಚಗಿನ ಊರುಗಳಿಂದ ಬಂದ ನಮಗೆ. ಹಾರಂಗಿ ಹಿನ್ನೀರಿನಲ್ಲಿ ಈಜಿದವರು ನಾವು, ನೀರು ಗೊತ್ತು ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. 5 ಡಿಗ್ರಿಯ ನೀರಿಗೆ ಬಿದ್ದಾಗ ಮೊದಲು ಕೊಲ್ಲುವುದು ಚಳಿಯಲ್ಲ, ಏದುಸಿರು. ಆಘಾತಕ್ಕೆ ಬಾಯಿ ತಾನಾಗಿ ತೆರೆದು ಉಸಿರೆಳೆಯುತ್ತದೆ. ಆಗ ತಲೆ ನೀರೊಳಗಿದ್ದರೆ ಅಲ್ಲಿಗೆ ಮುಗಿಯಿತು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಇದನ್ನು ನೆನಪಿಡಲು 1-10-1 ಎಂಬ ಸೂತ್ರ ಕೊಟ್ಟಿದ್ದಾರೆ: ಉಸಿರು ಹತೋಟಿಗೆ ತರಲು ಒಂದು ನಿಮಿಷ, ಕೈಕಾಲು ಮಾತು ಕೇಳುವುದು ಹತ್ತು ನಿಮಿಷ, ಪ್ರಜ್ಞೆ ತಪ್ಪುವ ಮುಂಚೆ ಒಂದು ಗಂಟೆ. ಲೈಫ್ ಜಾಕೆಟ್ ಮೈಮೇಲಿದ್ದರೆ ಮಾತ್ರ ಆ ಒಂದು ಗಂಟೆ ನಮ್ಮದು. ಸೀಟಿನಡಿ ಮಡಿಸಿಟ್ಟ ಜಾಕೆಟ್ ಯಾರನ್ನೂ ಉಳಿಸದು.

ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್‌ನ ದಾರವನ್ನು ಜಾಕೆಟ್‌ಗೆ ಸಿಕ್ಕಿಸಿಕೊಳ್ಳಿ. ಅದು ಅಳವಡಿಸಿರುವ 26 ಅಡಿಗಿಂತ ಚಿಕ್ಕ ದೋಣಿಗಳಲ್ಲಿ ವೇಗವಾಗಿ ಹೋಗುವಾಗ ಅದನ್ನು ಬಳಸುವುದು 2021ರ ಏಪ್ರಿಲ್ 1ರಿಂದ ಫೆಡರಲ್ ಕಾನೂನು. ದೋಣಿಯ ಹಿಂಬದಿಗೆ ಹತ್ತುವ ಏಣಿ ಇರಲಿ. ಹತ್ತಿ ಬಟ್ಟೆ ಬೇಡ, ಒದ್ದೆಯಾದರೆ ಮೈಬಿಸಿಯನ್ನೆಲ್ಲ ಹೀರುತ್ತದೆ. ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ. ಒಬ್ಬರೇ ಹೋಗಬೇಡಿ. ಎಷ್ಟು ಹೊತ್ತಿಗೆ ಬರುತ್ತೇನೆಂದು ಮನೆಯಲ್ಲಿ ಹೇಳಿಯೇ ಹೊರಡಿ.

ಬಿಡುವಾಗ

ಬಾಸ್ ಹಿಡಿದು ಬಿಡುವ ಪದ್ಧತಿಯನ್ನು ಸ್ಪರ್ಧೆಗಳಿಗೆ ತಂದವರೂ ರೇ ಸ್ಕಾಟರೇ, 1972ರಲ್ಲಿ. ಆದರೆ ಚಳಿಗಾಲದಲ್ಲಿ ಆಳದಿಂದ ಎಳೆದ ಮೀನನ್ನು ಸುಮ್ಮನೆ ನೀರಿಗೆ ಬಿಟ್ಟರೆ ಅದು ಬದುಕುತ್ತದೆಂದು ಹೇಳಲಾಗದು. ಬಾಸ್‌ನ ಗಾಳಿಚೀಲಕ್ಕೆ ಬಾಯಿಯ ಕಡೆಗೆ ದಾರಿಯಿಲ್ಲ. ಒಳಗಿನ ಗಾಳಿ ರಕ್ತದ ಮೂಲಕ ನಿಧಾನವಾಗಿ ಮಾತ್ರ ಹೋಗಬೇಕು. 33 ಅಡಿ ಕೆಳಗೆ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿಂದ ಬೇಗ ಮೇಲೆ ತಂದರೆ ಚೀಲದ ಗಾಳಿ ಎರಡರಷ್ಟು ಹಿಗ್ಗಲು ನೋಡುತ್ತದೆ. ಹೊಟ್ಟೆ ಉಬ್ಬುತ್ತದೆ, ಕಣ್ಣು ಹೊರಚಾಚುತ್ತದೆ, ಬಿಟ್ಟರೂ ಕೆಳಗೆ ಹೋಗಲಾರದೆ ಪಕ್ಕಕ್ಕೆ ಮಲಗಿ ತೇಲುತ್ತದೆ. ಸೂಜಿಯಿಂದ ಗಾಳಿ ತೆಗೆಯುವ ವಿಧಾನವಿದೆ, ತಿಳಿದವರಿಂದ ಕಲಿಯದೆ ಪ್ರಯೋಗ ಮಾಡಬಾರದು. ನಾನು ಪಾಲಿಸುವುದು ಇಷ್ಟು: ತಿನ್ನಲು ಇಟ್ಟುಕೊಳ್ಳುವ ಉದ್ದೇಶವಿಲ್ಲದಿದ್ದರೆ ಮೂವತ್ತು ಅಡಿಗಿಂತ ಕೆಳಗಿರುವ ಗುಂಪನ್ನು ಮುಟ್ಟುವುದಿಲ್ಲ. ಸೊನ್ನೆಗಿಂತ ಕೆಳಗಿನ ಗಾಳಿಯಲ್ಲಿ ಫೋಟೋಗೆಂದು ಎತ್ತಿ ಹಿಡಿದರೆ ಕಿವಿರಿನ ತೆಳು ಎಳೆಗಳಿಗೆ ಪೆಟ್ಟಾಗುತ್ತದೆ, ಹಾಗಾಗಿ ಗಾಳ ಬಿಡಿಸುವ ಕೆಲಸವೂ ಆದಷ್ಟು ನೀರೊಳಗೇ ಆಗಲಿ.

ಈ ಚಳಿಗಾಲ ಮೊದಲ ಸಲ ಹೊರಡುವವರಿಗೆ: 16 ವರ್ಷ ತುಂಬಿದವರಿಗೆ ಪರವಾನಗಿ ಬೇಕು. ಟೇಬಲ್ ರಾಕ್ ಎರಡು ರಾಜ್ಯಗಳಲ್ಲಿ ಹರಡಿರುವುದರಿಂದ ಗಡಿ ದಾಟಿ ಗಾಳ ಹಾಕುವುದಾದರೆ ವೈಟ್ ರಿವರ್ ಬಾರ್ಡರ್ ಲೇಕ್ಸ್ ಪರ್ಮಿಟ್ ಕೂಡ ಮಾಡಿಸಿಕೊಳ್ಳಿ. ದೋಣಿ ಇಲ್ಲದಿದ್ದರೂ ನಡೆಯುತ್ತದೆ. ಉತ್ತರ ದಡದಲ್ಲಿ ರಸ್ತೆ ಹತ್ತಿರವಿರುವ, ಕಲ್ಲು ಸುರಿದ, ಕಡಿದಾದ ಒಂದು ಜಾಗ ಹುಡುಕಿ. ಹನ್ನೊಂದಕ್ಕೆ ಅಲ್ಲಿರಿ, ನೀರಿನ ಉಷ್ಣಾಂಶ ಅಳೆದು ಬರೆದಿಟ್ಟುಕೊಳ್ಳಿ. ಒಂದು ಜರ್ಕ್‌ಬೇಟ್, ಒಂದು ಜಿಗ್, ಫ್ಲಾಸ್ಕಿನ ತುಂಬ ಕಾಫಿ. ಅಲ್ಲಿಂದ ಕದಲದೆ ಅದೇ ಐವತ್ತು ಗಜದ ದಡವನ್ನು ನಾಲ್ಕರ ತನಕ ಬಾಚಿ, ಮೂರರ ಹೊತ್ತಿಗೆ ನೀರನ್ನು ಇನ್ನೊಮ್ಮೆ ಅಳೆಯಿರಿ. ಬೆಳಗಿಗಿಂತ ಒಂದು ಡಿಗ್ರಿ ಏರಿದ್ದರೆ ಎರೆಯನ್ನು ಆಳದಿಂದ ದಡದ ಕಡೆಗೆ ತನ್ನಿ.